ಬ್ಲಾಕ್‌ಚೈನ್ ಪಾವತಿ: ಯಾರಿಗೆ ಕಾಣಬೇಕು, ಯಾರಿಗೆ ಕಾಣಬಾರದು?

ದನದ ಜಾತ್ರೆಯಲ್ಲಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ದರ ಮಾತಾಡುತ್ತಾರೆ. ಜೋಡೆತ್ತು ಮಾರಾಟವಾಯಿತು ಅನ್ನೋದು ಸುತ್ತ ನಿಂತವರಿಗೆಲ್ಲ ಗೊತ್ತು, ಎಷ್ಟಕ್ಕೆ ಅನ್ನೋದು ಆ ಇಬ್ಬರಿಗೆ ಮಾತ್ರ. ರಾಯಚೂರು ಗಂಜಿನ, ಅಂದರೆ ಕೃಷಿ ಮಾರುಕಟ್ಟೆಯ, ಇ-ಟೆಂಡರಿನಲ್ಲಿ ಲೆಕ್ಕ ಬೇರೆ. ಒಬ್ಬ ಖರೀದಿದಾರ ಹಾಕಿದ ದರ ಟೆಂಡರ್ ಮುಗಿಯುವ ತನಕ ಇನ್ನೊಬ್ಬನಿಗೆ ಕಾಣದು. ಮುಗಿದ ಮೇಲೆ ಲಾಟ್ ಯಾರಿಗೆ, ಎಷ್ಟಕ್ಕೆ ಹೋಯಿತೆಂದು ಘೋಷಣೆಯಾಗುತ್ತದೆ. ಇನ್ನು ಸಂಡೂರಿನ ಅದಿರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಅದಿರು ಮಾರಾಟ ತೆರೆದ ಇ-ಹರಾಜಿನಲ್ಲೇ ಆಗಬೇಕೆಂದಾಯಿತು. ನೇರ ಮಾರಾಟಕ್ಕೆ ಮತ್ತೆ ಅವಕಾಶ ಸಿಕ್ಕಿದ್ದು 2022ರ ಮೇ ತಿಂಗಳಲ್ಲಿ. ಮುಚ್ಚಿದ್ದು, ಹೊತ್ತು ಬಂದಾಗ ತೆರೆಯುವುದು, ತೆರೆದೇ ಇರುವುದು: ಮೂರೂ ಇದೇ ಸೀಮೆಯ ವ್ಯಾಪಾರ.

ಬ್ಲಾಕ್‌ಚೈನ್ ಅಂದರೆ ಹಲವು ಕಂಪ್ಯೂಟರ್‌ಗಳು ಕೂಡಿ ಇಡುವ, ಬರೆದ ಮೇಲೆ ತಿದ್ದಲಾಗದ ಸರಪಳಿಯಂಥ ಲೆಕ್ಕದ ಪುಸ್ತಕ. ಅದರಲ್ಲಿ ಹಣ ಕಳಿಸುವ, ಪಡೆಯುವ, ಕೊಂಡು ಮಾರುವ ದಾರಿಗಳೂ ಈ ಮೂರರಲ್ಲಿ ಒಂದರ ಹತ್ತಿರಕ್ಕೆ ಬರುತ್ತವೆ. ಕೊಪ್ಪಳದಲ್ಲಿ ಕೂತು ಹೊರದೇಶದ ಕಂಪನಿಗೆ ಕೋಡ್ ಬರೆಯುವವರು ಸಂಭಾವನೆಯನ್ನು ಸ್ಟೇಬಲ್‌ಕಾಯಿನ್‌ನಲ್ಲಿ (ಡಾಲರ್‌ನಂಥ ಹಣಕ್ಕೆ ಬೆಲೆ ಕಟ್ಟಿದ ಡಿಜಿಟಲ್ ನಾಣ್ಯ) ತಗೊಳ್ಳಬೇಕೋ ಬೇಡವೋ ಎಂದು ತೂಗುತ್ತಾರೆ. ಬಳ್ಳಾರಿಯ ಜೀನ್ಸ್ ಘಟಕದವರಿಗೆ ಉಳಿತಾಯದ ಒಂದು ಪಾಲನ್ನು ಬಿಟ್‌ಕಾಯಿನ್‌ನಲ್ಲಿ ಇಡುವಾಸೆ, ಆದರೆ ಅದು ಪಕ್ಕದ ಘಟಕದವರಿಗೆ ಗೊತ್ತಾಗಬಾರದು. ಗಂಗಾವತಿ, ಸಿಂಧನೂರು ಕಡೆಯ ರೈತ ಉತ್ಪಾದಕ ಕಂಪನಿಗೆ ಭತ್ತದ ಲಾಟ್‌ಗಳ ಲೆಕ್ಕ ಯಾರೂ ತಿದ್ದದಂತೆ ಇರಬೇಕು, ಪ್ರತಿ ರೈತನಿಗೆ ಕೊಟ್ಟ ದರ ಮಾತ್ರ ಊರಿಗೆಲ್ಲ ತಿಳಿಯಬಾರದು. ಮೂವರೂ ಕೇಳುವುದು ಒಂದೇ ಪ್ರಶ್ನೆ. ಉತ್ತರ ಮಾತ್ರ ಒಂದಲ್ಲ.

ಮೊದಲು ಅಳತೆಗೋಲು

"ಗುಟ್ಟು ಬೇಕಾ, ಪಾರದರ್ಶಕತೆ ಬೇಕಾ" ಎಂದು ಕೇಳಿಕೊಂಡರೆ ಎಲ್ಲಿಗೂ ಮುಟ್ಟುವುದಿಲ್ಲ. ಯಾರಿಂದ ಮುಚ್ಚಬೇಕು ಎಂದು ಕೇಳಿಕೊಳ್ಳಿ: ಪ್ರತಿಸ್ಪರ್ಧಿಯಿಂದಲೋ, ನೆಂಟರಿಂದಲೋ, ಹಣ ಕೊಟ್ಟವನಿಂದಲೋ, ಕಳ್ಳನಿಂದಲೋ? ಆಮೇಲೆ ಯಾರಿಗೆ ತೋರಿಸಲೇಬೇಕು ಎಂದು ಕೇಳಿಕೊಳ್ಳಿ. ಇಲ್ಲಿ ಆಯ್ಕೆ ಕಡಿಮೆ. ಆದಾಯ ತೆರಿಗೆ ಇಲಾಖೆಗೆ ತೋರಿಸಬೇಕು, ಬ್ಯಾಂಕ್ ಕೇಳಿದರೆ ತೋರಿಸಬೇಕು, ಪಾಲುದಾರರಿದ್ದರೆ ಅವರಿಗೂ ತೋರಿಸಬೇಕು. ಇಲಾಖೆಯಿಂದ ಅಡಗಿಸುವ ದಾರಿ ಹುಡುಕುತ್ತಿದ್ದರೆ ಈ ಲೇಖನ ನಿಮಗಲ್ಲ.

ಮೂರನೆಯದು ಹೊತ್ತು. ವ್ಯಾಪಾರ ಕುದುರುವ ಮುಂಚೆ ಮುಚ್ಚಿದ್ದರೆ ಸಾಕೋ, ಮುಗಿದ ಮೇಲೂ ಮುಚ್ಚಿರಬೇಕೋ? ನಾಲ್ಕನೆಯದು ರೂಪಾಯಿ. ಸರಪಳಿಯೊಳಗೆ ಎಷ್ಟೇ ಮರೆ ಇರಲಿ, ಕೊನೆಗೆ ಹಣ ಬ್ಯಾಂಕ್ ಖಾತೆಗೆ ಇಳಿಯಬೇಕಲ್ಲ, ಆ ಬಾಗಿಲಲ್ಲಿ ಹೆಸರು, ಪ್ಯಾನ್, ಆಧಾರ್ ಎಲ್ಲ ಕೊಡಲೇಬೇಕು. ಖರ್ಚು, ಸಮಯ, ಕೈತಪ್ಪಿದರೆ ಏನು ಗತಿ ಅನ್ನೋವು ಇವುಗಳ ನಂತರ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಮುಚ್ಚಿದ್ದನ್ನು ಮುಂದೆ ಬೇಕಾದವರಿಗೆ ತೆರೆದು ತೋರಿಸಬಹುದು. ತೆರೆದ ಸರಪಳಿಯಲ್ಲಿ ಒಮ್ಮೆ ಬರೆದದ್ದನ್ನು ಮುಚ್ಚಲು ಬರುವುದಿಲ್ಲ. 2016ರಲ್ಲಿ ಬಿಟ್‌ಫಿನೆಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ (ನಾಣ್ಯ ಕೊಂಡು ಮಾರುವ ಆನ್‌ಲೈನ್ ಕಟ್ಟೆ) ಕಳುವಾದ 1,19,754 ಬಿಟ್‌ಕಾಯಿನ್‌ಗಳಲ್ಲಿ 94,000ಕ್ಕೂ ಹೆಚ್ಚನ್ನು ಅಮೆರಿಕದ ತನಿಖಾಧಿಕಾರಿಗಳು 2022ರ ಫೆಬ್ರುವರಿಯಲ್ಲಿ ವಶಪಡಿಸಿಕೊಂಡರು. ಕಳ್ಳರು ಆರು ವರ್ಷ ಕೈ ಬದಲಾಯಿಸಿದ ಪ್ರತಿ ಹೆಜ್ಜೆಯೂ ಆ ಪುಸ್ತಕದಲ್ಲೇ ಇತ್ತು. ಕಳ್ಳರ ಹೆಜ್ಜೆ ಉಳಿದ ಹಾಗೆಯೇ ನಿಮ್ಮದೂ ಉಳಿಯುತ್ತದೆ.

ಬ್ಲಾಕ್‌ಚೈನ್ ಬೇಕೇ ಅನ್ನೋದೂ ಒಂದು ಆಯ್ಕೆ

ಬಳ್ಳಾರಿಯಿಂದ ಹೊಸಪೇಟೆಗೆ ಹಣ ಕಳಿಸಲು ಯುಪಿಐ ಸಾಕು. ನೆರೆಯವರಿಗೆ ಕಾಣದು, ಬ್ಯಾಂಕಿಗೂ ಯುಪಿಐ ನಡೆಸುವ ಎನ್‌ಪಿಸಿಐಗೂ ಕಾಣುತ್ತದೆ, ತಪ್ಪಾದರೆ ದೂರು ಕೊಡಲು ಜಾಗವಿದೆ. ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿ ಚಿಲ್ಲರೆ ಬಳಕೆಗೆ ಪ್ರಾಯೋಗಿಕವಾಗಿ ಬಂದದ್ದು 2022ರ ಡಿಸೆಂಬರ್ 1ರಂದು. ಆ ವರ್ಷ ಅಕ್ಟೋಬರಿನ ಪರಿಕಲ್ಪನಾ ಟಿಪ್ಪಣಿಯಲ್ಲೇ ಸಣ್ಣ ಮೊತ್ತಕ್ಕೆ ಒಂದಿಷ್ಟು ಅನಾಮಧೇಯತೆ, ದೊಡ್ಡ ಮೊತ್ತಕ್ಕೆ ಗುರುತು ಎಂಬ ವಿಚಾರವಿತ್ತು. ಯುಪಿಐ ಕ್ಯುಆರ್ ಕೋಡ್‌ಗೇ ಅದರಿಂದ ಪಾವತಿ ಮಾಡಬಹುದು. ದೇಶದೊಳಗಿನ ದಿನನಿತ್ಯದ ವ್ಯವಹಾರಕ್ಕೆ ಈ ಎರಡನ್ನು ಮೀರಿಸುವ ಬ್ಲಾಕ್‌ಚೈನ್ ದಾರಿ ಇಲ್ಲ. ಮುಂದಿನದೆಲ್ಲ ಇವೆರಡೂ ಸಾಲದವರಿಗೆ.

ಬಿಟ್‌ಕಾಯಿನ್: ಹೆಸರಿಲ್ಲದ ತೆರೆದ ಕಿರ್ದಿ

2009ರಿಂದ ನಡೆದುಬಂದ ಈ ಕಿರ್ದಿಯಲ್ಲಿ ಹೆಸರುಗಳಿಲ್ಲ, ಖಾತೆ ಸಂಖ್ಯೆಯಂಥ ಅಕ್ಷರ-ಅಂಕಿಗಳ ವಿಳಾಸಗಳಿವೆ. ಮೊತ್ತ, ಹೊತ್ತು, ಎಲ್ಲಿಂದ ಎಲ್ಲಿಗೆ ಅನ್ನೋದು ಜಗತ್ತಿಗೇ ಕಾಣುತ್ತದೆ. ವಿಳಾಸಕ್ಕೆ ನಿಮ್ಮ ಹೆಸರು ಅಂಟುವ ತನಕ ಮರೆ ಇದೆ. ಒಮ್ಮೆ ಅಂಟಿತೋ, ಹಿಂದಿನದೂ ಮುಂದಿನದೂ ಒಟ್ಟಿಗೆ ಬಯಲಾಗುತ್ತದೆ.

ಅದು ಹೇಗೆ ಅಂಟುತ್ತದೆ ಎಂದು ಹತ್ತಿರದಿಂದ ನೋಡಿ. ವಾಲೆಟ್‌ನಲ್ಲಿ, ಅಂದರೆ ನಾಣ್ಯಗಳ ಕೀ ಇಡುವ ಆ್ಯಪ್‌ನಲ್ಲಿ, 0.05 ಬಿಟ್‌ಕಾಯಿನ್‌ನ ಒಂದೇ ತುಂಡು ಇದೆ. ಒಬ್ಬರಿಗೆ 0.01 ಕೊಡಬೇಕು. ಬಿಟ್‌ಕಾಯಿನ್‌ನಲ್ಲಿ ತುಂಡನ್ನು ಇಡಿಯಾಗಿಯೇ ಖರ್ಚು ಮಾಡಬೇಕು. 0.01 ಅವರಿಗೆ ಹೋಗಿ, ಶುಲ್ಕ ಕಳೆದು ಉಳಿದ ಸುಮಾರು 0.04 ಚಿಲ್ಲರೆಯಾಗಿ ನಿಮ್ಮದೇ ಹೊಸ ವಿಳಾಸಕ್ಕೆ ಬರುತ್ತದೆ. ಅಂಗಡಿಯಲ್ಲಿ 500ರ ನೋಟು ಕೊಟ್ಟು 400 ವಾಪಸ್ ತಗೊಂಡ ಹಾಗೆಯೇ. ಒಂದೇ ವ್ಯತ್ಯಾಸ, ಇಲ್ಲಿ ಅಂಗಡಿಯವನು ಆ 400ರ ಹಿಂದೆಯೇ ನಿಮ್ಮ ಮನೆತನಕ ನಡೆದು ಬರಬಹುದು. ನಿಮ್ಮ ಹತ್ತಿರ ಕಡಿಮೆಯೆಂದರೂ ಎಷ್ಟಿದೆ ಎಂದು ಹಣ ಪಡೆದ ಪ್ರತಿಯೊಬ್ಬರಿಗೂ ಅಂದಾಜು ಸಿಗುತ್ತದೆ.

ಇದಕ್ಕೆ ಮದ್ದು ದುಬಾರಿಯದಲ್ಲ, ಶಿಸ್ತು ಬೇಡುತ್ತದೆ. ಪ್ರತಿ ಪಾವತಿಗೂ ಹೊಸ ವಿಳಾಸ ಕೊಡಿ; ವಾಲೆಟ್ ತಾನೇ ಹುಟ್ಟಿಸುತ್ತದೆ. ತುಂಡುಗಳನ್ನು ಆರಿಸಿ ಖರ್ಚು ಮಾಡಲು ಬಿಡುವ ವಾಲೆಟ್ ಇಟ್ಟುಕೊಳ್ಳಿ, ಸ್ಪ್ಯಾರೋ ಅಂಥದ್ದು. ಎಕ್ಸ್‌ಚೇಂಜ್‌ನಿಂದ ಬಂದ ತುಂಡನ್ನೂ ಗ್ರಾಹಕರಿಂದ ಬಂದ ತುಂಡನ್ನೂ ಒಂದೇ ವಹಿವಾಟಿನಲ್ಲಿ ಸೇರಿಸಿದರೆ ಎರಡೂ ಒಬ್ಬರದೇ ಎಂದು ನೋಡುವವರು ಲೆಕ್ಕ ಹಾಕುತ್ತಾರೆ, ಸಾಮಾನ್ಯವಾಗಿ ಆ ಲೆಕ್ಕ ಸರಿಯೇ ಇರುತ್ತದೆ. ಸೇರಿಸಿದರೆ ಶುಲ್ಕವೂ ಹೆಚ್ಚು. ಒಂದು ತುಂಡು ಒಳಗೆ, ಎರಡು ಹೊರಗೆ ಇರುವ ಹೊಸ ಬಗೆಯ ವಹಿವಾಟು ಸುಮಾರು 140 ವರ್ಚುವಲ್ ಬೈಟ್ (ವಹಿವಾಟಿನ ಗಾತ್ರದ ಅಳತೆ) ಇದ್ದರೆ, ಎರಡು ತುಂಡು ಸೇರಿಸಿದಾಗ ಸುಮಾರು 210 ಆಗುತ್ತದೆ. ಶುಲ್ಕ ಬೀಳುವುದು ಬೈಟ್ ಲೆಕ್ಕಕ್ಕೆ, ಕಳಿಸುವ ಮೊತ್ತದ ಮೇಲಲ್ಲ.

ಲೆಕ್ಕಪರಿಶೋಧಕರಿಗೆ ತೋರಿಸಲು ಎಕ್ಸ್‌ಪಬ್ ಎಂಬ ಓದು-ಮಾತ್ರ ಕೀ ಕೊಡಬಹುದು. ಅದರಿಂದ ಹಣ ತೆಗೆಯಲಾಗದು, ಆದರೆ ಆ ಖಾತೆಯ ಹಿಂದಿನ ವಿಳಾಸಗಳ ಜೊತೆಗೆ ಮುಂದೆ ಹುಟ್ಟುವ ವಿಳಾಸಗಳೂ ಕಾಣುತ್ತವೆ. ಹಾಗಾಗಿ ಕೊಡುವ ಮುಂಚೆಯೇ ವ್ಯಾಪಾರಕ್ಕೊಂದು, ಮನೆಗೊಂದು ಖಾತೆ ಬೇರೆ ಮಾಡಿರಬೇಕು. ಕೊಟ್ಟ ಮೇಲೆ ಬೇರೆ ಮಾಡಿ ಫಲವಿಲ್ಲ.

ಬಿಟ್‌ಕಾಯಿನ್ ಮೇಲಿನ ಲೈಟ್ನಿಂಗ್ ಜಾಲದಲ್ಲಿ ಪ್ರತಿ ಪಾವತಿ ಕಿರ್ದಿಗೆ ಏರುವುದಿಲ್ಲ. ಇಬ್ಬರ ನಡುವೆ ಹಣ ಕಟ್ಟಿಟ್ಟು ಮಾಡಿಕೊಂಡ ಪಾವತಿಯ ಚಾನೆಲ್ ತೆರೆದದ್ದು, ಮುಚ್ಚಿದ್ದು ಮಾತ್ರ ಏರುತ್ತದೆ. ಸಣ್ಣ ಮೊತ್ತ ಕಳಿಸುವವರಿಗೆ ಮರೆ ಚೆನ್ನಾಗಿದೆ, ಪಡೆಯುವವರಿಗೆ ಅಷ್ಟಿಲ್ಲ, ಯಾಕೆಂದರೆ ಇನ್ವಾಯ್ಸ್‌ನಿಂದಲೇ ಪಡೆಯುವವರ ನೋಡ್ (ಜಾಲಕ್ಕೆ ಸೇರಿದ ಕಂಪ್ಯೂಟರ್) ತಿಳಿಯುವುದುಂಟು. ಪಡೆಯುವ ಕಡೆ ಚಾನೆಲ್‌ನಲ್ಲಿ ಒಳಬರುವ ಜಾಗ ಇಲ್ಲದಿದ್ದರೆ ಪಾವತಿಯೇ ವಿಫಲ. ಆ ತಲೆನೋವು ಬೇಡವೆಂದು ಕಂಪನಿ ನಡೆಸುವ ಲೈಟ್ನಿಂಗ್ ವಾಲೆಟ್ ಹಾಕಿಕೊಂಡರೆ ಆ ಕಂಪನಿಗೆ ಎಲ್ಲವೂ ಕಾಣುತ್ತದೆ.

ಸ್ಟೇಬಲ್‌ಕಾಯಿನ್: ಎಲ್ಲರೂ ಹಿಡಿಯುವ ದಾರಿ, ಎಲ್ಲಕ್ಕಿಂತ ಬಯಲು

ಹೊರದೇಶದ ಗ್ರಾಹಕರು ಕೊಡುತ್ತೇನೆ ಅನ್ನೋದು ಹೆಚ್ಚಾಗಿ ಯುಎಸ್‌ಡಿಸಿ ಇಲ್ಲವೇ ಯುಎಸ್‌ಡಿಟಿ ಎಂಬ ಸ್ಟೇಬಲ್‌ಕಾಯಿನ್. ದರ ಏರಿಳಿತ ಕಡಿಮೆ, ಡಾಲರ್ ಲೆಕ್ಕ. ಇಥೀರಿಯಂ ಜಾಲದಲ್ಲಿ 12 ಸೆಕೆಂಡಿಗೊಂದು ಬ್ಲಾಕ್ (ವಹಿವಾಟುಗಳ ಹೊಸ ಪುಟ), ಟ್ರಾನ್ ಜಾಲದಲ್ಲಿ 3 ಸೆಕೆಂಡಿಗೊಂದು. ಇಥೀರಿಯಂ ಮೇಲಿನ ಬೇಸ್, ಆರ್ಬಿಟ್ರಮ್‌ನಂಥ ಎರಡನೇ ಪದರದ ಜಾಲಗಳಲ್ಲಿ 2024ರ ಮಾರ್ಚಿನ ಡೆನ್‌ಕನ್ ಬದಲಾವಣೆಯ ನಂತರ ಶುಲ್ಕ ತೀರಾ ಇಳಿದಿದೆ.

ಆದರೆ ಇಲ್ಲಿ ತುಂಡುಗಳ ಲೆಕ್ಕವಿಲ್ಲ, ಒಂದೇ ಖಾತೆ, ಒಂದೇ ಬಾಕಿ. ಸಂಭಾವನೆ ಬಂದ ವಿಳಾಸದಿಂದಲೇ ಕೊಪ್ಪಳದ ಪ್ರೋಗ್ರಾಮರ್ ತನ್ನ ಕೈಕೆಳಗಿನ ಡಿಸೈನರ್‌ಗೆ 80 ಡಾಲರ್ ಕಳಿಸಿದರೆ, ಆ ಡಿಸೈನರ್ ಎಕ್ಸ್‌ಪ್ಲೋರರ್ (ಸರಪಳಿಯ ಪುಸ್ತಕ ಓದಿ ತೋರಿಸುವ ಜಾಲತಾಣ) ತೆರೆದು ವಿಳಾಸ ಅಂಟಿಸಿದರೆ ಸಾಕು. ಗ್ರಾಹಕ ತಿಂಗಳಿಗೆ 1,200 ಡಾಲರ್ ಕೊಡುತ್ತಾನೆ, ತನಗೆ 80 ಬಂದಿದೆ ಅನ್ನೋದು ಒಂದೇ ಪುಟದಲ್ಲಿದೆ. ಮುಂದಿನ ತಿಂಗಳ ಚೌಕಾಶಿ ಎಲ್ಲಿಂದ ಶುರುವಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

"ಹೊಸ ವಿಳಾಸ ಮಾಡಿದರಾಯ್ತು" ಅನ್ನುತ್ತಾರೆ. ಮಾಡಿ. ಆದರೆ ಯುಎಸ್‌ಡಿಸಿ ಕಳಿಸಲು ಗ್ಯಾಸ್ ಎಂಬ ಜಾಲದ ಶುಲ್ಕಕ್ಕೆ ಇಥೀರಿಯಂನ ಸ್ವಂತ ನಾಣ್ಯ ಈಥರ್ ಬೇಕು, ಟ್ರಾನ್‌ನಲ್ಲಾದರೆ ಅದರ ನಾಣ್ಯ ಟಿಆರ್‌ಎಕ್ಸ್ ಬೇಕು. ಹೊಸ ವಿಳಾಸದಲ್ಲಿ ಅದಿಲ್ಲ. ಹಳೆಯ ವಿಳಾಸದಿಂದ ಹತ್ತು ರೂಪಾಯಿಯಷ್ಟು ಈಥರ್ ಹಾಕಿದ ಕ್ಷಣಕ್ಕೆ ಎರಡೂ ವಿಳಾಸಕ್ಕೆ ಗಂಟು ಬಿತ್ತು. ಬಹಳ ಜನ ಎಡವುವುದು ಇಲ್ಲೇ. ಗ್ಯಾಸನ್ನು ಎಕ್ಸ್‌ಚೇಂಜ್‌ನಿಂದ ನೇರವಾಗಿ ಪ್ರತಿ ವಿಳಾಸಕ್ಕೆ ಬೇರೆಬೇರೆ ತರಿಸಿಕೊಳ್ಳಿ. ಎಕ್ಸ್‌ಚೇಂಜ್‌ಗೆ ಕಾಣುತ್ತದೆ, ಡಿಸೈನರ್‌ಗೆ ಕಾಣದು. ನಿಮಗೆ ಬೇಕಾದದ್ದು ಅಷ್ಟೇ. ಟ್ರಾನ್‌ನಲ್ಲಿ ಇನ್ನೊಂದು ಸಂಗತಿ: ಯುಎಸ್‌ಡಿಟಿ ಇಲ್ಲದ ಖಾಲಿ ವಿಳಾಸಕ್ಕೆ ಕಳಿಸುವಾಗ ಸುಮಾರು ಎರಡರಷ್ಟು ಎನರ್ಜಿ (ಅಲ್ಲಿ ಶುಲ್ಕ ಅಳೆಯುವ ಲೆಕ್ಕ) ಖರ್ಚಾಗುತ್ತದೆ, ಹಾಗಾಗಿ ಹೊಸ ವಿಳಾಸಗಳ ಶಿಸ್ತು ಅಲ್ಲಿ ದುಬಾರಿ.

ತೆರೆದ ಪುಸ್ತಕದಿಂದ ಹುಟ್ಟಿದ ಒಂದು ಮೋಸವೂ ಇದೆ. ನೀವು ಆಗಾಗ ಹಣ ಕಳಿಸುವ ವಿಳಾಸವನ್ನು ನೋಡಿಕೊಂಡು, ಅದರ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಹೋಲುವ ಇನ್ನೊಂದು ವಿಳಾಸ ಹುಟ್ಟಿಸಿ, ಅದರಿಂದ ಪುಡಿ ಮೊತ್ತ ಕಳಿಸುತ್ತಾರೆ. ಮುಂದಿನ ಸಲ ನೀವು ಹಳೆಯ ಪಟ್ಟಿಯಿಂದ ವಿಳಾಸ ಕಾಪಿ ಮಾಡಿದರೆ ಹಣ ಕಳ್ಳನಿಗೆ. ಪಟ್ಟಿಯಿಂದ ಕಾಪಿ ಮಾಡಬೇಡಿ. ನಡುವಿನ ಆರೆಂಟು ಅಕ್ಷರಗಳನ್ನೂ ಹೋಲಿಸಿ. ವಿಳಾಸ ಪುಸ್ತಕದಲ್ಲಿ ಒಮ್ಮೆ ಸರಿಯಾಗಿ ಉಳಿಸಿ ಅಲ್ಲಿಂದಲೇ ಬಳಸಿ.

ಇನ್ನು, ಸ್ಟೇಬಲ್‌ಕಾಯಿನ್ ಹೊರಡಿಸುವ ಕಂಪನಿಗೆ ಯಾವ ವಿಳಾಸವನ್ನಾದರೂ ಸ್ತಂಭನಗೊಳಿಸುವ ಅಧಿಕಾರ ಕೋಡ್‌ನಲ್ಲೇ ಇದೆ. ಹಲವರ ನಾಣ್ಯ ಬೆರೆಸಿ ಜಾಡು ಮರೆಸುವ ಟೊರ್ನಾಡೋ ಕ್ಯಾಶ್ ಎಂಬ ಮಿಕ್ಸರ್ ಮೇಲೆ ಅಮೆರಿಕ 2022ರ ಆಗಸ್ಟ್ 8ರಂದು ನಿರ್ಬಂಧ ಹೇರಿದಾಗ ಯುಎಸ್‌ಡಿಸಿ ಹೊರಡಿಸುವ ಸರ್ಕಲ್ ಕಂಪನಿ ಅದಕ್ಕೆ ಸೇರಿದ ವಿಳಾಸಗಳಲ್ಲಿದ್ದ ಯುಎಸ್‌ಡಿಸಿಯನ್ನು ತಡೆಹಿಡಿಯಿತು. ಆ ನಿರ್ಬಂಧ 2025ರ ಮಾರ್ಚಿನಲ್ಲಿ ತೆಗೆದುಹೋಯಿತು. ಆದರೂ ಮಿಕ್ಸರ್ ಮೂಲಕ ಬಂದ ಹಣವನ್ನು ಎಕ್ಸ್‌ಚೇಂಜ್‌ಗಳು ಅನುಮಾನದಿಂದಲೇ ನೋಡುತ್ತವೆ. ಹಣದ ಮೂಲ ಕೇಳಿದಾಗ "ಮಿಕ್ಸರ್‌ನಿಂದ" ಎಂಬ ಉತ್ತರ ಬ್ಯಾಂಕಿಗೆ ಒಪ್ಪುವುದಿಲ್ಲ. ನೆರೆಯವರಿಂದ ಮರೆ ಬೇಕೆನ್ನುವ ಸಾಮಾನ್ಯ ಮನುಷ್ಯ ಮಿಕ್ಸರ್ ಮುಟ್ಟಬೇಕಾದ ಕಾರಣವೇ ಇಲ್ಲ.

ಸೇವಾ ರಫ್ತು ಮಾಡುವವರು ಇನ್ನೊಂದು ತೂಗಬೇಕು. ಜಿಎಸ್‌ಟಿ ನೋಂದಣಿ ಇದ್ದು, ರಫ್ತು ಎಂದು ಶೂನ್ಯ ದರದ ಅನುಕೂಲ ಬೇಕಿದ್ದರೆ ಹಣ ಪರಿವರ್ತನೀಯ ವಿದೇಶಿ ವಿನಿಮಯದಲ್ಲಿ, ಇಲ್ಲವೇ ರಿಸರ್ವ್ ಬ್ಯಾಂಕ್ ಅನುಮತಿಸಿದ ಕಡೆ ರೂಪಾಯಿಯಲ್ಲಿ, ಬಂದಿರಬೇಕು. ಬ್ಯಾಂಕ್ ವೈರ್‌ಗೆ ಸಿಗುವ ಒಳಬಂದ ಹಣದ ದಾಖಲೆ ಸ್ಟೇಬಲ್‌ಕಾಯಿನ್‌ಗೆ ಸಿಗುವುದಿಲ್ಲ. ಬ್ಯಾಂಕ್ ಶುಲ್ಕ ಉಳಿಸಲು ಹೋಗಿ ರಫ್ತಿನ ಸ್ಥಾನವನ್ನೇ ಕಳೆದುಕೊಂಡರೆ ಲೆಕ್ಕ ಉಲ್ಟಾ. ನಿಯಮಿತ ಗ್ರಾಹಕನಿದ್ದರೆ ಬ್ಯಾಂಕ್ ವೈರ್ ಹಾದಿಯೇ ಲೇಸು.

ವಿನಿಮಯದಲ್ಲಿ ಮರೆ: ದರ ಹಾಕಿದಾಗ ಮುಚ್ಚಿರಲಿ

ಯುನಿಸ್ವಾಪ್‌ನಂಥ ವಿಕೇಂದ್ರಿತ ಮಾರುಕಟ್ಟೆಯಲ್ಲಿ ನೀವು ಕೊಟ್ಟ ಆದೇಶ ಬ್ಲಾಕ್‌ಗೆ ಸೇರುವ ಮುಂಚೆ ಸಾಲಿನಲ್ಲಿ ನಿಲ್ಲುತ್ತದೆ, ಆ ಸಾಲು ಎಲ್ಲರಿಗೂ ಕಾಣುತ್ತದೆ. ನೀವು ಕೊಳ್ಳುವುದನ್ನು ಕಂಡ ಬಾಟ್ (ತಾನಾಗಿ ವ್ಯಾಪಾರ ಮಾಡುವ ತಂತ್ರಾಂಶ) ನಿಮಗಿಂತ ಮೊದಲು ಕೊಂಡು ದರ ಏರಿಸಿ, ನಿಮ್ಮದು ಮುಗಿದ ಕೂಡಲೇ ಮಾರುತ್ತದೆ. ದರ ಇಷ್ಟರ ತನಕ ಜಾರಿದರೆ ಸರಿ ಎಂದು ನೀವು 3% ಬಿಟ್ಟಿದ್ದರೆ ಆ 3%ರ ಹತ್ತಿರಕ್ಕೇ ನಿಮ್ಮನ್ನು ತಳ್ಳಲು ನೋಡುತ್ತದೆ. ಒಂದು ಲಕ್ಷ ರೂಪಾಯಿಯ ಆದೇಶಕ್ಕೆ ಮೂರು ಸಾವಿರ ಹೋಯಿತು.

ಗಂಜಿನ ಇ-ಟೆಂಡರ್ ಗೊತ್ತಿದ್ದವರಿಗೆ ಮದ್ದು ತಾನೇ ಹೊಳೆಯುತ್ತದೆ: ಮುಗಿಯುವ ತನಕ ದರ ಮುಚ್ಚಿಡಿ. ಫ್ಲ್ಯಾಶ್‌ಬಾಟ್ಸ್ ಪ್ರೊಟೆಕ್ಟ್‌ನಂಥ ಖಾಸಗಿ ಆರ್‌ಪಿಸಿಯನ್ನು (ವಾಲೆಟ್‌ನ ಆದೇಶವನ್ನು ಜಾಲಕ್ಕೆ ಮುಟ್ಟಿಸುವ ಸರ್ವರ್) ವಾಲೆಟ್‌ನ ಜಾಲದ ಸೆಟ್ಟಿಂಗ್‌ನಲ್ಲಿ ಹಾಕಿಕೊಂಡರೆ ಆದೇಶ ಆ ತೆರೆದ ಸಾಲಿಗೆ ಹೋಗುವುದಿಲ್ಲ. ಕೌ ಸ್ವಾಪ್ ಆದೇಶಗಳನ್ನು ಗುಂಪಾಗಿ ಕಲೆಹಾಕಿ ಒಂದೇ ದರಕ್ಕೆ ಬಗೆಹರಿಸುತ್ತದೆ. ದೊಡ್ಡ ಜೋಡಿಗಳಿಗೆ ಜಾರುವ ಮಿತಿಯನ್ನು 0.5%ಕ್ಕೆ ಇಳಿಸಿ, ತೀರಾ ಇಳಿಸಿದರೆ ಆದೇಶ ವಿಫಲವಾಗಿ ಗ್ಯಾಸ್ ಮಾತ್ರ ಹೋಗಬಹುದು. ಮುಗಿದ ಮೇಲೆ ಇವೆಲ್ಲ ಕಿರ್ದಿಗೆ ಏರುತ್ತವೆ.

ಭಾರತದ ಎಕ್ಸ್‌ಚೇಂಜ್‌ನಲ್ಲಿ ಇದಕ್ಕೆ ತದ್ವಿರುದ್ಧ. ನಿಮ್ಮ ಕೊಳ್ಳು-ಮಾರು ಊರಿಗೆ ಕಾಣದು, ಎಕ್ಸ್‌ಚೇಂಜ್‌ಗೆ ಪೂರ್ತಿ ಕಾಣುತ್ತದೆ. 2023ರ ಮಾರ್ಚಿನಿಂದ ಅವು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಯಲ್ಲಿವೆ, ಕೆವೈಸಿ ಇಟ್ಟು ಅನುಮಾನದ ವಹಿವಾಟು ವರದಿ ಮಾಡಬೇಕು. ಶೇ 1ರ ಟಿಡಿಎಸ್ ಕಡಿತ ಅವರೇ ನೋಡಿಕೊಳ್ಳುತ್ತಾರೆ. ಕೊರತೆ ಒಂದೇ, ಅವರ ಪೆಟ್ಟಿಗೆ ನಿಮಗೆ ಕಾಣದು. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದಾಗ ಬಳಕೆದಾರರ ಹಣ ಸಿಕ್ಕಿಬಿತ್ತು. ಕೆಲವು ಎಕ್ಸ್‌ಚೇಂಜ್‌ಗಳು ಮೀಸಲಿನ ಪುರಾವೆ ಪ್ರಕಟಿಸುತ್ತವೆ. ಇರುವುದನ್ನು ಮಾತ್ರ ತೋರಿಸಿ ಕೊಡಬೇಕಾದ ಸಾಲ ತೋರಿಸದಿದ್ದರೆ ಅದು ಅರ್ಧ ತಕ್ಕಡಿ. ವ್ಯಾಪಾರಕ್ಕೆ ಬೇಕಾದಷ್ಟೇ ಅಲ್ಲಿಡಿ.

ಎಕ್ಸ್‌ಚೇಂಜ್ ಬಿಟ್ಟು ವಾಟ್ಸಾಪ್, ಟೆಲಿಗ್ರಾಂ ಗುಂಪಿನಲ್ಲಿ ಯುಎಸ್‌ಡಿಟಿ ಮಾರಿ ರೂಪಾಯಿ ಪಡೆದರೆ ಗುಟ್ಟು ಉಳಿಯುತ್ತದೆ ಅನ್ನೋದು ಭ್ರಮೆ. ನಿಮ್ಮ ಖಾತೆಗೆ ಬಂದ ಹಣ ಯಾರದೋ ಆನ್‌ಲೈನ್ ವಂಚನೆಯದಾಗಿದ್ದರೆ, ಕಳಕೊಂಡವರು 1930ಕ್ಕೆ ಕರೆ ಮಾಡಿದ ಮೇಲೆ ಬೇರಾವುದೋ ರಾಜ್ಯದ ಪೊಲೀಸರ ಕೋರಿಕೆಯಂತೆ ಸಿಂಧನೂರಿನ ನಿಮ್ಮ ಖಾತೆ ತಡೆಹಿಡಿಯಲ್ಪಡುತ್ತದೆ. ಬಿಡಿಸಿಕೊಳ್ಳಲು ಓಡಾಡಬೇಕಾದವರು ನೀವು. ಜೊತೆಗೆ ಖಾಸಗಿ ವ್ಯವಹಾರದಲ್ಲಿ ಟಿಡಿಎಸ್ ಕಡಿಯುವ ಹೊಣೆ ಕೊಳ್ಳುವವನದು. ವರ್ಷದ ಮೊತ್ತ 10,000 ರೂ. ದಾಟಿದರೆ ಕಡಿಯಬೇಕು, ವ್ಯಾಪಾರದ ಆದಾಯ ಇಲ್ಲದ ಅಥವಾ ವಹಿವಾಟು ನಿಗದಿತ ಮಿತಿಯೊಳಗಿರುವ ವ್ಯಕ್ತಿಗಳಿಗೆ ಮಿತಿ 50,000 ರೂ. ಹೀಗೆ ಮಾರಲೇಬೇಕಾದರೆ ಕೆವೈಸಿಯ ಹೆಸರಿನ ಖಾತೆಯಿಂದಲೇ ಹಣ ಬರಲಿ. "ನಮ್ಮ ತಮ್ಮನ ಖಾತೆಯಿಂದ ಹಾಕ್ತೀನಿ ಅಣ್ಣಾ" ಅಂದರೆ ಅಲ್ಲಿಗೇ ನಿಲ್ಲಿಸಿ.

ಗುಟ್ಟಿನ ನಾಣ್ಯಗಳು: ಮೊನೆರೋ ಮತ್ತು ಝೀಕ್ಯಾಶ್

ಇವೆರಡೂ ಟವೆಲ್ ವ್ಯಾಪಾರ, ಹೊದ್ದಿಸುವ ರೀತಿ ಬೇರೆ. 2014ರಲ್ಲಿ ಶುರುವಾದ ಮೊನೆರೋದಲ್ಲಿ ಮರೆ ಕಡ್ಡಾಯ. ಖರ್ಚಾಗುವ ನಿಜವಾದ ತುಂಡಿನ ಜೊತೆ 15 ಹುಸಿ ತುಂಡುಗಳು ನಿಲ್ಲುತ್ತವೆ, ಪಡೆಯುವವರ ವಿಳಾಸ ಪ್ರತಿ ಸಲ ಹೊಸದು, ಮೊತ್ತ 2017ರಿಂದ ಮುಚ್ಚಿದೆ. 2016ರಲ್ಲಿ ಬಂದ ಝೀಕ್ಯಾಶ್‌ನಲ್ಲಿ ತೆರೆದ ವಿಳಾಸವೂ ಇದೆ, ಮುಚ್ಚಿದ ವಿಳಾಸವೂ ಇದೆ. ಮುಚ್ಚಿದ ಕಡೆ ಮೊತ್ತವನ್ನು ಹೇಳದೆಯೇ ಲೆಕ್ಕ ಸರಿಯಿದೆ ಎಂದು ಗಣಿತದಿಂದ ಸಾಬೀತು ಮಾಡುತ್ತದೆ.

ಝೀಕ್ಯಾಶ್‌ನಲ್ಲಿ ಆಗುವ ತಪ್ಪು ನೋಡಿ. ತೆರೆದ ವಿಳಾಸದಿಂದ 3.1417 ನಾಣ್ಯ ಒಳಗೆ ಹಾಕಿ, ಅರ್ಧ ಗಂಟೆಗೆ ಇನ್ನೊಂದು ತೆರೆದ ವಿಳಾಸಕ್ಕೆ ಹೆಚ್ಚುಕಡಿಮೆ ಅಷ್ಟನ್ನೇ ಹೊರತೆಗೆದರೆ ಮಗುವೂ ಜೋಡಿಸುತ್ತದೆ. ಒಳಗೇ ಇಟ್ಟು, ಬೇಕಾದಾಗ ಬೇರೆ ಮೊತ್ತಗಳಲ್ಲಿ ಮುಚ್ಚಿದ ವಿಳಾಸಕ್ಕೇ ಪಾವತಿ ಮಾಡಿದರೆ ಮಾತ್ರ ಮರೆ ನಿಜ. ಮೊನೆರೋದಲ್ಲಿ ಬಂದ ಹಣ 10 ಬ್ಲಾಕ್, ಅಂದರೆ ಸುಮಾರು 20 ನಿಮಿಷ, ಖರ್ಚಿಗೆ ಸಿಗುವುದಿಲ್ಲ. ಅಂಗಡಿಯಲ್ಲಿ ನಿಂತು ಹೊಸಬರು ಗಾಬರಿಯಾಗುವುದು ಇದಕ್ಕೇ. ಬೇರೆಯವರ ನೋಡ್ ಬಳಸಿದರೆ ನಿಮ್ಮ ಐಪಿ ವಿಳಾಸ ಅವರಿಗೆ ತಿಳಿಯಬಹುದು.

ತೋರಿಸಬೇಕಾದಾಗ ಎರಡರಲ್ಲೂ ವೀಕ್ಷಣಾ ಕೀ ಇದೆ. ಮೊನೆರೋದ ವೀಕ್ಷಣಾ ಕೀ ಬಂದದ್ದನ್ನು ತೋರಿಸುತ್ತದೆ, ಹೋದದ್ದನ್ನು ತಾನಾಗಿ ತೋರಿಸುವುದಿಲ್ಲ, ಹಾಗಾಗಿ ಅದರಿಂದ ಬಾಕಿ ತಪ್ಪಾಗಿ ಹೆಚ್ಚು ಕಾಣುತ್ತದೆ. ಝೀಕ್ಯಾಶ್‌ನ ಪೂರ್ಣ ವೀಕ್ಷಣಾ ಕೀ ಎರಡನ್ನೂ ತೋರಿಸುತ್ತದೆ. ಲೆಕ್ಕಪರಿಶೋಧಕರಿಗೆ ತೋರಿಸಬೇಕಾದ ವ್ಯಾಪಾರಿಗೆ ಈ ಒಂದೇ ಕಾರಣಕ್ಕೆ ಝೀಕ್ಯಾಶ್ ಸುಲಭ.

ಕಷ್ಟವಿರುವುದು ರೂಪಾಯಿಯ ಬಾಗಿಲಲ್ಲಿ. ಬೈನಾನ್ಸ್ 2024ರ ಫೆಬ್ರುವರಿಯಲ್ಲಿ ಮೊನೆರೋವನ್ನು ಪಟ್ಟಿಯಿಂದ ತೆಗೆಯಿತು. ಐರೋಪ್ಯ ಒಕ್ಕೂಟದ ಹೊಸ ನಿಯಮದಂತೆ 2027ರ ಜುಲೈ 10ರಿಂದ ಅಲ್ಲಿನ ಸೇವಾ ಸಂಸ್ಥೆಗಳು ಇಂಥ ನಾಣ್ಯಗಳನ್ನು ಇಡುವಂತಿಲ್ಲ. ಮಾರುವ ಬಾಗಿಲು ಕಿರಿದಾದಷ್ಟೂ ದರದಲ್ಲಿ ಕಡಿತ, ಮೂಲದ ಬಗ್ಗೆ ಪ್ರಶ್ನೆ ಹೆಚ್ಚು. ತಂತ್ರ ಚೆನ್ನಾಗಿದೆ, ಆದರೆ ತಿಂಗಳ ಕೊನೆಗೆ ಇಎಂಐ ಕಟ್ಟುವ ಹಣವನ್ನು ಇದರಲ್ಲಿ ಇಡಬೇಡಿ.

ಸಂಘ, ಕಂಪನಿಗಳಿಗೆ: ಅನುಮತಿಯ ಸರಪಳಿ

ರೈತ ಉತ್ಪಾದಕ ಕಂಪನಿ, ಅಕ್ಕಿ ಗಿರಣಿ, ಖರೀದಿದಾರ, ಬ್ಯಾಂಕ್ ಹೀಗೆ ಗೊತ್ತಿರುವವರೇ ಕೂಡಿ ನಡೆಸುವ ಪುಸ್ತಕಕ್ಕೆ ಹೈಪರ್‌ಲೆಡ್ಜರ್ ಫ್ಯಾಬ್ರಿಕ್‌ನಂಥ ವ್ಯವಸ್ಥೆಗಳಿವೆ. ಹೊರಗಿನವರಿಗೆ ಪ್ರವೇಶವಿಲ್ಲ. ಒಳಗಿನವರಲ್ಲೂ ಎಲ್ಲರಿಗೆ ಎಲ್ಲ ಕಾಣಬೇಕಿಲ್ಲ. ಇಬ್ಬಿಬ್ಬರಿಗೆ ಒಂದೊಂದು ಚಾನೆಲ್ ಮಾಡುತ್ತೇವೆ ಎಂದು ಹೊರಟರೆ ಹತ್ತು ಜನಕ್ಕೆ 45 ಚಾನೆಲ್ ಆಗುತ್ತದೆ, ನಿಭಾಯಿಸಲಾಗದು. ಅದರ ಬದಲು ಒಂದೇ ಚಾನೆಲ್, ಅದರಲ್ಲಿ ಖಾಸಗಿ ದತ್ತಾಂಶ ಸಂಗ್ರಹ: ದರ ಇಬ್ಬರ ಹತ್ತಿರ ಮಾತ್ರ, ಉಳಿದವರ ಪುಸ್ತಕದಲ್ಲಿ ಅದರ ಹ್ಯಾಶ್, ಅಂದರೆ ದತ್ತಾಂಶದಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಸಂಕೇತ. ಲಾಟ್ ಸಂಖ್ಯೆ, ತೂಕ, ದಿನಾಂಕ ಎಲ್ಲರಿಗೂ ಕಾಣಲಿ, ದರ ಇಬ್ಬರಿಗಿರಲಿ. ಥೇಟ್ ಟವೆಲ್ ವ್ಯಾಪಾರ.

ಆದರೆ ಟವೆಲ್ ತೂತಾಗುವ ಜಾಗ ಇಲ್ಲಿದೆ. 75 ಕೆ.ಜಿ. ಚೀಲದ ಭತ್ತದ ದರ 1,500ರಿಂದ 2,500 ರೂಪಾಯಿಯೊಳಗೆ ಎಂದುಕೊಳ್ಳಿ. ರೂಪಾಯಿ ಲೆಕ್ಕದಲ್ಲಿ 1,001 ಸಾಧ್ಯತೆ ಮಾತ್ರ. ಹ್ಯಾಶ್ ಕಂಡ ಪಕ್ಕದ ಖರೀದಿದಾರನ ಹುಡುಗ 1,500, 1,501, 1,502 ಎಂದು ಒಂದೊಂದರ ಹ್ಯಾಶ್ ಮಾಡಿ ಹೋಲಿಸಿದರೆ ಸೆಕೆಂಡಿನೊಳಗೆ ದರ ಸಿಕ್ಕಿತು. ತೇವಾಂಶ 12.0ರಿಂದ 20.0ರ ತನಕ ಸೇರಿಸಿದರೂ 81,081 ಸಾಧ್ಯತೆ, ಲ್ಯಾಪ್‌ಟಾಪ್‌ಗೆ ಅದೂ ಏನಲ್ಲ. ಹಾಗಾಗಿ ಪ್ರತಿ ದಾಖಲೆಗೂ 32 ಬೈಟ್‌ನ ಯಾದೃಚ್ಛಿಕ ಸಂಖ್ಯೆಯೊಂದನ್ನು ಉಪ್ಪಿನಂತೆ ಬೆರೆಸಿ ಹ್ಯಾಶ್ ಮಾಡಬೇಕು. ಪ್ರತಿ ಸಲ ಹೊಸ ಉಪ್ಪು. ಅದನ್ನು ದರದ ಜೊತೆಗೇ ಎರಡೂ ಕಡೆ ಜೋಪಾನ ಮಾಡಬೇಕು; ಕಳೆದರೆ ನಾಳೆ ತಕರಾರು ಬಂದಾಗ ಇದೇ ದರವೆಂದು ಸಾಬೀತು ಮಾಡಲಾಗದು. ಮಾರಾಟಗಾರರು ತಂತ್ರಾಂಶ ತೋರಿಸಲು ಬಂದಾಗ "ಹ್ಯಾಶ್‌ಗೆ ಉಪ್ಪು ಹಾಕೀರಾ?" ಎಂದು ಕೇಳಿ. ಉತ್ತರ ತಡವರಿಸಿದರೆ ಚಹಾ ಕುಡಿಸಿ ಕಳಿಸಿ.

ರೈತರ ಹೆಸರು, ಆಧಾರ್, ಪಹಣಿ ಸಂಖ್ಯೆ ಸರಪಳಿಗೆ ಹೋಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಳಿಸಿ ಎಂದು ಕೇಳುವ ಹಕ್ಕು ಕೊಟ್ಟಿದೆ, ಅಳಿಸಲು ಬಾರದ ಪುಸ್ತಕದಲ್ಲಿ ಬರೆದರೆ ಏನು ಮಾಡುತ್ತೀರಿ? ಸರ್ವರ್‌ಗಳ ವಿಷಯ: ವಹಿವಾಟುಗಳನ್ನು ಸರದಿಗೆ ಹಚ್ಚುವ ಆರ್ಡರಿಂಗ್ ನೋಡ್ ಮೂರಿದ್ದರೆ ಒಂದು ಕೆಟ್ಟರೂ ನಡೆಯುತ್ತದೆ, ಐದಿದ್ದರೆ ಎರಡು. ಮೂರೂ ಒಂದೇ ಕಚೇರಿಯ ಒಂದೇ ಯುಪಿಎಸ್ ಮೇಲಿದ್ದರೆ ಮೂರೂ ಒಂದೇ. ತಿಂಗಳ ಕ್ಲೌಡ್ ಬಾಡಿಗೆ, ನೋಡಿಕೊಳ್ಳುವವರ ಸಂಬಳ ಎರಡೂ ಇದೆ.

ಅಷ್ಟು ಹಣವಿಲ್ಲದ ಸಂಘಕ್ಕೆ ಇನ್ನೊಂದು ದಾರಿ. ಪುಸ್ತಕವನ್ನು ಸಾಮಾನ್ಯ ಎಕ್ಸೆಲ್‌ನಲ್ಲೇ ಇಡಿ. ದಿನ ಮುಗಿದಾಗ ಆ ಕಡತವನ್ನು ಓಪನ್‌ಟೈಮ್‌ಸ್ಟ್ಯಾಂಪ್ಸ್ ಎಂಬ ದಿನಾಂಕದ ಮುದ್ರೆ ಹಾಕುವ ಸೇವೆಗೆ ಹಾಕಿ. ಅದು ಕಡತದ ಹ್ಯಾಶ್ ಮಾತ್ರ ತಗೊಂಡು, ಸಾವಿರಾರು ಹ್ಯಾಶ್‌ಗಳ ಜೊತೆ ಕಟ್ಟಿ ಬಿಟ್‌ಕಾಯಿನ್ ಕಿರ್ದಿಗೆ ಪೋಣಿಸುತ್ತದೆ, ಉಚಿತ. ಸಿಗುವ ಸಣ್ಣ ಪುರಾವೆ ಕಡತವನ್ನು ಮೂಲದ ಜೊತೆ ಇಟ್ಟುಕೊಂಡರೆ ಆ ದಿನದ ಲೆಕ್ಕ ಆಮೇಲೆ ತಿದ್ದಿಲ್ಲವೆಂದು ತೋರಿಸಬಹುದು. ಲೆಕ್ಕದಲ್ಲಿ ಏನಿದೆ ಅನ್ನೋದು ಯಾರಿಗೂ ಕಾಣದು. ಕಡತವನ್ನು ಮತ್ತೆ ತೆರೆದು ಸೇವ್ ಮಾಡಿದರೂ ಹ್ಯಾಶ್ ಬದಲಾದೀತು, ಆದ್ದರಿಂದ ಮುದ್ರೆ ಹಾಕಿದ ಪ್ರತಿಯನ್ನು ಮುಟ್ಟದೆ ಬೇರೆ ಇಡಿ. ನಮ್ಮ ಭಾಗದ ಬಹುಪಾಲು ಸಂಘಗಳಿಗೆ ಇಷ್ಟೇ ಸಾಕು.

ತೆರಿಗೆಯ ಲೆಕ್ಕ ಎಲ್ಲ ದಾರಿಗೂ ಒಂದೇ

2022ರ ಹಣಕಾಸು ಕಾಯ್ದೆ ತಂದ ನಿಯಮದಂತೆ ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಕೊಂಡ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯುವಂತಿಲ್ಲ. ಒಂದು ಲಕ್ಷಕ್ಕೆ ಕೊಂಡು 1,30,000ಕ್ಕೆ ಮಾರಿದರೆ 30,000ದ ಮೇಲೆ 9,000, ಸೆಸ್ 360, ಒಟ್ಟು 9,360 ರೂ. ಅದೇ ವರ್ಷ ಇನ್ನೊಂದು ನಾಣ್ಯದಲ್ಲಿ 25,000 ಕಳಕೊಂಡಿದ್ದರೂ ಇದರಿಂದ ಕಳೆಯಲು ಬರುವುದಿಲ್ಲ, ಮುಂದಿನ ವರ್ಷಕ್ಕೂ ಒಯ್ಯಲಾಗದು. ಮಾರಿದಾಗ ಕಡಿತವಾದ 1,300 ರೂ. ಟಿಡಿಎಸ್ ಈ 9,360ರಲ್ಲಿ ಹೊಂದಿಕೆಯಾಗುತ್ತದೆ. ಮುಚ್ಚಿದ ನಾಣ್ಯವಿದ್ದಷ್ಟೂ ದಾಖಲೆಯ ಹೊಣೆ ನಿಮ್ಮ ಮೇಲೇ ಹೆಚ್ಚು, ಎಕ್ಸ್‌ಪ್ಲೋರರ್ ನೋಡಿ ಆಮೇಲೆ ಬರೆದರಾಯಿತು ಅನ್ನೋ ಅನುಕೂಲ ಅಲ್ಲಿಲ್ಲ. ದಿನಾಂಕ, ನಾಣ್ಯ, ಪ್ರಮಾಣ, ಆ ಹೊತ್ತಿನ ರೂಪಾಯಿ ಬೆಲೆ, ವಹಿವಾಟಿನ ಸಂಖ್ಯೆ, ಯಾರಿಗೆ, ಯಾಕೆ: ಏಳು ಕಾಲಂ, ಅದೇ ದಿನ ಬರೆದಿಡಿ.

ಹಾಗಾದರೆ ಯಾರಿಗೆ ಯಾವುದು

ಕೊಪ್ಪಳದ ಪ್ರೋಗ್ರಾಮರ್‌ಗೆ ಬ್ಯಾಂಕ್ ವೈರ್ ಮೊದಲ ಆಯ್ಕೆ. ಗ್ರಾಹಕ ಒಪ್ಪದಿದ್ದರೆ ಎರಡನೇ ಪದರದ ಜಾಲದಲ್ಲಿ ಯುಎಸ್‌ಡಿಸಿ. ಪಡೆಯಲು ಒಂದು ವಿಳಾಸ, ಬೇರೆಯವರಿಗೆ ಕೊಡಲು ಇನ್ನೊಂದು, ನಡುವೆ ಎಕ್ಸ್‌ಚೇಂಜ್. ಕಳಿಸುವ ಜಾಲ ಎಕ್ಸ್‌ಚೇಂಜ್ ಒಪ್ಪುವ ಜಾಲವೇ ಎಂದು ಮೊದಲೇ ನೋಡಿಕೊಳ್ಳಬೇಕು, ತಪ್ಪಿದರೆ ಹಣ ಸಿಕ್ಕಿಬೀಳುತ್ತದೆ. ಬಳ್ಳಾರಿಯ ಜೀನ್ಸ್ ಘಟಕದವರಿಗೆ, ವರ್ಷಗಟ್ಟಲೆ ಇಡುವುದಾದರೆ, ನೋಂದಾಯಿತ ಎಕ್ಸ್‌ಚೇಂಜ್‌ನಲ್ಲಿ ಕೊಂಡು ಸ್ವಂತ ಬಿಟ್‌ಕಾಯಿನ್ ವಾಲೆಟ್‌ಗೆ ಹೊಸ ಹೊಸ ವಿಳಾಸಗಳಲ್ಲಿ ಇಳಿಸಿಕೊಳ್ಳುವುದು ಸರಿಹೊಂದುತ್ತದೆ. ಆ ವಾಲೆಟ್‌ನಿಂದ ಕಾರ್ಮಿಕರಿಗೋ ಸರಕಿಗೋ ಪಾವತಿ ಮಾಡದಿದ್ದರೆ ಪಕ್ಕದವರಿಗೆ ಸುಳಿವು ಸಿಗುವ ದಾರಿಯೇ ಇಲ್ಲ. ಚಿಕ್ಕ ಮೊತ್ತದ್ದಾದರೆ ಹಾರ್ಡ್‌ವೇರ್ ವಾಲೆಟ್‌ನ (ಕೀಯನ್ನು ಬೇರೆಯಾಗಿ ಇಡುವ ಸಾಧನ) ಖರ್ಚು ಹೊರೆ, ಮೊಬೈಲ್ ವಾಲೆಟ್ ಸಾಕು. ಕಳೆದುಕೊಂಡರೆ ನಿದ್ದೆಗೆಡುವಷ್ಟು ಮೊತ್ತವಾದಾಗ ಆ ಸಾಧನ ಕೊಳ್ಳಿ. ಗಂಗಾವತಿಯ ಕಂಪನಿಗೆ ಭಾಗಿಗಳು ಮೂರಕ್ಕಿಂತ ಕಡಿಮೆಯಿದ್ದರೆ ಎಕ್ಸೆಲ್ ಮತ್ತು ಮುದ್ರೆ, ಒಬ್ಬರನ್ನೊಬ್ಬರು ಪೂರ್ತಿ ನಂಬದ ನಾಲ್ಕೈದು ಸಂಸ್ಥೆಗಳು ಸೇರುವಂತಿದ್ದರೆ ಫ್ಯಾಬ್ರಿಕ್.

ಯಾವುದನ್ನು ಆರಿಸಿದರೂ ಮೊದಲ ದಿನ ಮಾಡಬೇಕಾದ ಪರೀಕ್ಷೆ ಒಂದೇ. ಸುಮಾರು 500 ರೂಪಾಯಿಯಷ್ಟನ್ನು ನಂಬಿಕೆಯ ಗೆಳೆಯರೊಬ್ಬರಿಗೆ ಕಳಿಸಿ. ಹತ್ತಿರ ಕೂತು, ಅವರ ಮೊಬೈಲ್‌ನಲ್ಲಿ ಎಕ್ಸ್‌ಪ್ಲೋರರ್ ತೆರೆದು ನಿಮ್ಮ ವಿಳಾಸ ಒತ್ತಲು ಹೇಳಿ. ಬಾಕಿ ಎಷ್ಟು ಕಾಣುತ್ತದೆ, ಹಿಂದಿನ ಪಾವತಿ ಎಷ್ಟು ಕಾಣುತ್ತವೆ, ಗ್ಯಾಸ್ ಎಲ್ಲಿಂದ ಬಂದಿತ್ತು ಎಂದು ಅವರೇ ಓದಿ ಹೇಳಲಿ. ಕೇಳಿ ಮುಜುಗರವಾದರೆ ದೊಡ್ಡ ಮೊತ್ತ ಕಳಿಸುವ ಮುಂಚೆ ವಿಳಾಸಗಳನ್ನು ಬೇರೆ ಮಾಡಿ.